ಭತ್ತ ಹೋದ ಮೇಲೂ ಬರುತ್ತಿದ್ದ ದುಡ್ಡು: ಟೆಕ್ಸಸ್‌ನ ವಾರ್ಟನ್ ಕೌಂಟಿಯ ಕಥೆ

ಅಮೆರಿಕದ ಟೆಕ್ಸಸ್ ರಾಜ್ಯದ ವಾರ್ಟನ್ ಕೌಂಟಿಯಲ್ಲಿ ಎಲ್ ಕ್ಯಾಂಪೊ ಅಂತ ಒಂದು ಸಣ್ಣ ಪಟ್ಟಣ ಇದೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಅಲ್ಲಿ ಒಬ್ಬರು 18 ಎಕರೆ ಜಾಗದಲ್ಲಿ ಮನೆ ಕಟ್ಟಿಸಿಕೊಂಡರು. ಅವರು ರೈತರಲ್ಲ. ಆ ನೆಲದಲ್ಲಿ ಒಂದು ತೆನೆ ಭತ್ತ ಬೆಳೆದವರೂ ಅಲ್ಲ. ಆದರೂ ವರ್ಷಕ್ಕೆ ಸುಮಾರು 1,300 ಡಾಲರ್ ಕೃಷಿ ನೆರವು ಆ ಜಾಗಕ್ಕೆ ಬರುತ್ತಿತ್ತು. ಹಿಂದೆ ಯಾವುದೋ ಕಾಲದಲ್ಲಿ ಅಲ್ಲಿ ಭತ್ತದ ಗದ್ದೆ ಇತ್ತು ಅನ್ನುವುದೊಂದೇ ಕಾರಣ. ಇದರಲ್ಲಿ ಮೋಸ ಇರಲಿಲ್ಲ, ಸುಳ್ಳು ದಾಖಲೆ ಇರಲಿಲ್ಲ. ಎಲ್ಲವೂ ಕಾನೂನಿನ ಪ್ರಕಾರವೇ ನಡೆದಿತ್ತು.

2006ರ ಜುಲೈನಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಇದನ್ನು ಬಯಲಿಗೆ ತಂದಿತು. 2000ದಿಂದೀಚೆಗೆ ಬೇಸಾಯವನ್ನೇ ಮಾಡದ ಜನರಿಗೆ ಕಡಿಮೆ ಎಂದರೂ 130 ಕೋಟಿ ಡಾಲರ್ ಕೃಷಿ ನೆರವು ಹೋಗಿದೆ ಎಂದು ಪತ್ರಿಕೆ ಲೆಕ್ಕ ಹಾಕಿತ್ತು. ಓದಿದವರು ಸಿಟ್ಟಾದರು. ದೊಡ್ಡ ಮನೆ, ಸುತ್ತ ಹುಲ್ಲು, ಅದಕ್ಕೆ ಭತ್ತದ ದುಡ್ಡು ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮನೆಯಲ್ಲ. ಅದೇ ಕೌಂಟಿಯಲ್ಲಿ ಬೇರೆಯವರ ನೆಲವನ್ನು ಗುತ್ತಿಗೆಗೆ ಮಾಡುತ್ತಿದ್ದ ಭತ್ತದ ರೈತರ ಪಾಡು. ಅವರ ಕೈಯಿಂದ ಗದ್ದೆ ಹೇಗೆ ಹೋಯಿತು ಅನ್ನುವುದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ.

ನಮ್ಮ ಊರು ತುಂಗಭದ್ರಾ ಎಡದಂಡೆ ನಾಲೆಯ ಅಚ್ಚುಕಟ್ಟಿನಲ್ಲಿದೆ. ನಮ್ಮ ಕಾಕಾ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಬೇರೆಯವರ ಹೊಲವನ್ನು ಲೀಜಿಗೆ ಹಾಕಿಕೊಂಡು ಭತ್ತ ಬೆಳೆದವರು. ಹಾಗಾಗಿ ಈ ವಿಷಯ ನನಗೆ ದೂರದ್ದು ಅಂತ ಅನ್ನಿಸಲೇ ಇಲ್ಲ.

ನೆಲ, ನೀರು, ಭತ್ತ

ವಾರ್ಟನ್ ಕೌಂಟಿ ಹ್ಯೂಸ್ಟನ್ ಮಹಾನಗರದ ನೈಋತ್ಯಕ್ಕಿದೆ. ಹ್ಯೂಸ್ಟನ್‌ನಿಂದ ಎಲ್ ಕ್ಯಾಂಪೊಗೆ ಸುಮಾರು 110 ಕಿಲೋಮೀಟರ್. ಕೌಂಟಿಯ ಜನಸಂಖ್ಯೆ 40 ಸಾವಿರದ ಆಸುಪಾಸು. ಮೆಕ್ಸಿಕೊ ಕೊಲ್ಲಿಯ ಕರಾವಳಿಗೆ ಹತ್ತಿರದ ಸಮತಟ್ಟಾದ ನೆಲ, ನೀರು ಇಂಗದ ಜೇಡಿಮಣ್ಣು, ನಡುವೆ ಹರಿಯುವ ಕೊಲೊರಾಡೊ ನದಿ. ಗ್ರ್ಯಾಂಡ್ ಕ್ಯಾನ್ಯನ್‌ನ ಕೊಲೊರಾಡೊ ಬೇರೆ. ಇದು ಟೆಕ್ಸಸ್‌ನಲ್ಲೇ ಹುಟ್ಟಿ ಟೆಕ್ಸಸ್‌ನಲ್ಲೇ ಸಮುದ್ರ ಸೇರುವ ನದಿ. ಇಂಥ ನೆಲಕ್ಕೆ ಭತ್ತ ಚೆನ್ನಾಗಿ ಒಗ್ಗಿತು. ಬೇಸಿಗೆ ಅಲ್ಲಿ ಎಷ್ಟು ಉದ್ದ ಎಂದರೆ, ಜುಲೈ ಆಗಸ್ಟ್‌ನಲ್ಲಿ ಮೊದಲ ಕೊಯ್ಲು ಮುಗಿಸಿ, ಅದೇ ಬುಡಕ್ಕೆ ಮತ್ತೆ ನೀರು ಬಿಟ್ಟು ಕೂಳೆ ಬೆಳೆಯನ್ನೂ ತೆಗೆಯುತ್ತಾರೆ. ಚಳಿಗಾಲದಲ್ಲಿ ಉತ್ತರದಿಂದ ಬರುವ ಹೆಬ್ಬಾತುಗಳಿಗೆ ಆ ಗದ್ದೆಗಳೇ ಮೇವಿನ ಜಾಗ.

ನಾಟಿ ಹಾಕುವ ಪದ್ಧತಿ ಅಲ್ಲಿಲ್ಲ. ಯಂತ್ರದಲ್ಲಿ ನೇರ ಬಿತ್ತನೆ, ಆಮೇಲೆ ಗದ್ದೆಗೆ ನೀರು ನಿಲ್ಲಿಸುವುದು. ನಮ್ಮ ಕಡೆಗೂ ಅಲ್ಲಿಗೂ ತುಂಬಾ ಹೋಲುವ ಸಂಗತಿ ಒಂದಿದೆ. ಟೆಕ್ಸಸ್‌ನಲ್ಲಿ ಭತ್ತ ಬೆಳೆಯುವ ಹೆಚ್ಚಿನವರು ನೆಲದ ಮಾಲೀಕರಲ್ಲ. ಮಾಲೀಕರು ಪಟ್ಟಣ ಸೇರಿರುತ್ತಾರೆ, ಇಲ್ಲವೇ ಅಜ್ಜನ ಕಾಲದ ಜಮೀನು ಮೊಮ್ಮಕ್ಕಳ ಹೆಸರಿಗೆ ಹಂಚಿಹೋಗಿರುತ್ತದೆ. ಬೇಸಾಯ ಮಾಡುವವರು ಗುತ್ತಿಗೆದಾರರು. ಕೆಲವರು ಎಕರೆಗೆ ಇಂತಿಷ್ಟು ಅಂತ ನಗದು ಕೊಡುತ್ತಾರೆ, ಕೆಲವರು ಬೆಳೆಯಲ್ಲಿ ಪಾಲು ಕೊಡುತ್ತಾರೆ.

1996ರಲ್ಲಿ ಏನು ಬದಲಾಯಿತು

ಅದಕ್ಕೆ ಮೊದಲು ನೆರವು ಬೇಕಾದರೆ ಹೆಚ್ಚುಕಡಿಮೆ ಆ ಬೆಳೆಯನ್ನು ಬೆಳೆಯಲೇಬೇಕಿತ್ತು. ಹಾಗಾಗಿ ರೈತರು ನೆರವಿಗಾಗಿಯೇ ಬೆಳೆಯುತ್ತಿದ್ದರು. ಉತ್ಪಾದನೆ ಹೆಚ್ಚುತ್ತಿತ್ತು, ದರ ಬೀಳುತ್ತಿತ್ತು, ಸರ್ಕಾರದ ಖರ್ಚು ಮತ್ತೆ ಏರುತ್ತಿತ್ತು. ಈ ಸುತ್ತನ್ನು ಕಡಿಯಬೇಕು ಎಂದು 1996ರ ಏಪ್ರಿಲ್‌ನಲ್ಲಿ ಹೊಸ ಕೃಷಿ ಕಾಯ್ದೆ ಬಂತು. ಜನ ಅದನ್ನು 'ಫ್ರೀಡಮ್ ಟು ಫಾರ್ಮ್', ಅಂದರೆ ಬೇಸಾಯದ ಸ್ವಾತಂತ್ರ್ಯ, ಎಂದು ಕರೆದರು. ನಿಮ್ಮ ನೆಲದಲ್ಲಿ ಹಿಂದೆ ಎಷ್ಟು ಎಕರೆ ಭತ್ತ, ಜೋಳ, ಗೋಧಿ, ಹತ್ತಿ ಇತ್ತೋ ಅದನ್ನು ಬರೆದಿಟ್ಟುಕೊಳ್ಳುತ್ತೇವೆ, ಅದರ ಮೇಲೆ ದುಡ್ಡು ಕೊಡುತ್ತೇವೆ, ಈಗ ಏನು ಬೆಳೆಯುತ್ತೀರಿ ಎಂದು ಕೇಳುವುದಿಲ್ಲ ಎಂದಿತು ಸರ್ಕಾರ. ಬೇಕಾದರೆ ಬೀಳು ಬಿಡಿ, ದನ ಮೇಯಿಸಿ. ಹೀಗೆ ಬರೆದಿಟ್ಟ ಎಕರೆಗೆ 'ಬೇಸ್ ಎಕರೆ' ಎಂದು ಹೆಸರು.

ಯೋಚನೆ ಕೆಟ್ಟದ್ದಾಗಿರಲಿಲ್ಲ. ಏಳು ವರ್ಷ ಕೊಟ್ಟು, ಕ್ರಮೇಣ ಕಡಿಮೆ ಮಾಡುತ್ತಾ, ರೈತರನ್ನು ಮಾರುಕಟ್ಟೆಗೆ ಒಗ್ಗಿಸುವುದು ಗುರಿಯಾಗಿತ್ತು. ಆಗ ತಾನೇ ಹುಟ್ಟಿದ್ದ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಕ್ಕೂ ಇದು ಹೊಂದುತ್ತದೆ ಎಂದು ನಂಬಿದ್ದರು. ಬೆಳೆಗೂ ದುಡ್ಡಿಗೂ ನಂಟು ಇಲ್ಲದಿದ್ದರೆ ಬೇರೆ ದೇಶಗಳು ತಕರಾರು ಮಾಡುವ ಹಾಗಿರಲಿಲ್ಲ. ಬೆಳೆಯ ವಿಷಯದಲ್ಲಿ ಒಂದೇ ಒಂದು ಷರತ್ತು ಇತ್ತು. ಬೇಸ್ ಎಕರೆಯಲ್ಲಿ ಹಣ್ಣು ತರಕಾರಿ ಬೆಳೆಯಬಾರದು. ಅಲ್ಲಿನ ತರಕಾರಿ ಬೆಳೆಗಾರರ ಒತ್ತಾಯದಿಂದ ಬಂದ ಷರತ್ತು ಅದು. ಮುಂದೆ ಹತ್ತಿಯ ವಿಷಯದಲ್ಲಿ ಬ್ರೆಜಿಲ್ ಹಾಕಿದ ದಾವೆಯಲ್ಲಿ ಇದೇ ಷರತ್ತು ಅಮೆರಿಕಕ್ಕೆ ಉರುಳಾಯಿತು. ಬೆಳೆಯ ಜೊತೆ ನಂಟೇ ಇಲ್ಲ ಎಂಬ ಅಮೆರಿಕದ ಮಾತು ನಿಲ್ಲುವುದಿಲ್ಲ ಎಂದು 2005ರಲ್ಲಿ ಅಂತಿಮ ತೀರ್ಪು ಬಂತು.

ಏಳು ವರ್ಷದ ಮಾತು ಉಳಿಯಲಿಲ್ಲ. 1998ರಲ್ಲಿ ದರ ಕುಸಿಯಿತು. ಸಂಸತ್ತು ವರ್ಷ ವರ್ಷ ತುರ್ತು ಹಣ ಸುರಿಯಿತು. 2002ರ ಕಾಯ್ದೆ ಬಂದಾಗ, ನಿಂತುಹೋಗಬೇಕಿದ್ದ ಪಾವತಿಗೆ 'ನೇರ ಪಾವತಿ' ಎಂದು ಹೆಸರು ಕೊಟ್ಟು ಗಟ್ಟಿ ಮಾಡಿದರು. ದೇಶಕ್ಕೆಲ್ಲ ಸೇರಿ ವರ್ಷಕ್ಕೆ ಸುಮಾರು 500 ಕೋಟಿ ಡಾಲರ್.

ಲೆಕ್ಕ ಹೀಗೆ. ಭತ್ತಕ್ಕೆ ಪ್ರತಿ ಹಂಡ್ರೆಡ್‌ವೆಯ್ಟ್‌ಗೆ, ಅಂದರೆ 100 ಪೌಂಡ್‌ಗೆ, 2.35 ಡಾಲರ್. ನಮ್ಮ ಲೆಕ್ಕದಲ್ಲಿ ಅದು 45 ಕಿಲೋ ಚಿಲ್ಲರೆ. ಬೇಸ್ ಎಕರೆಯ ಶೇ 85ಕ್ಕೆ ಮಾತ್ರ ಪಾವತಿ. ದಾಖಲೆಯಲ್ಲಿ ಎಕರೆಗೆ 50 ಹಂಡ್ರೆಡ್‌ವೆಯ್ಟ್ ಇಳುವರಿ ಇದೆ ಅಂತ ಇಟ್ಟುಕೊಳ್ಳಿ. 50ನ್ನು 2.35ರಿಂದ ಗುಣಿಸಿ ಶೇ 85 ತೆಗೆದರೆ ಎಕರೆಗೆ ಸುಮಾರು 100 ಡಾಲರ್. ಮೆಕ್ಕೆಜೋಳಕ್ಕೆ ದರ ಬುಶೆಲ್ ಎಂಬ ಅಲ್ಲಿನ ಅಳತೆಗೆ 28 ಸೆಂಟ್. ಎಕರೆಗೆ 100 ಬುಶೆಲ್ ಹಿಡಿದರೂ 24 ಡಾಲರ್ ದಾಟುವುದಿಲ್ಲ. ಅಂದರೆ ಭತ್ತದ ಬೇಸ್ ಇರುವ ನೆಲಕ್ಕೆ ಬರುವ ದುಡ್ಡೇ ಬೇರೆ ಮಟ್ಟದ್ದು. ಈ ಕಥೆ ಮೆಕ್ಕೆಜೋಳದ ಅಯೋವಾ ರಾಜ್ಯದಲ್ಲಿ ಶುರುವಾಗದೆ ಭತ್ತದ ವಾರ್ಟನ್‌ನಲ್ಲಿ ಯಾಕೆ ಶುರುವಾಯಿತು ಅನ್ನುವುದಕ್ಕೆ ಈ ಅಂಕಿಗಳೇ ಸಾಕು.

ಗುತ್ತಿಗೆದಾರನ ಗದ್ದೆ

ನಿಯಮದಲ್ಲಿ ಗುತ್ತಿಗೆದಾರರಿಗೆ ಒಂದು ರಕ್ಷಣೆ ಇತ್ತು. ನೆಲವನ್ನು ನಗದು ಗುತ್ತಿಗೆಗೆ ಕೊಟ್ಟರೆ ನೇರ ಪಾವತಿ ಬೇಸಾಯ ಮಾಡುವವರಿಗೇ ಹೋಗಬೇಕು. ಪಾಲಿಗೆ ಕೊಟ್ಟಿದ್ದರೆ ಪಾಲಿನ ಪ್ರಕಾರ ಇಬ್ಬರಿಗೂ. ಓದಿದರೆ ನ್ಯಾಯವಾಗಿದೆ, ಅಲ್ವಾ? ಗುತ್ತಿಗೆದಾರನಿಗೆ ಪೆಟ್ಟು ಬಿದ್ದಿದ್ದು ಇದೇ ನಿಯಮದಿಂದ.

ಮಾಲೀಕರ ಜಾಗದಲ್ಲಿ ನಿಂತು ನೋಡಿ. ಗುತ್ತಿಗೆಗೆ ಕೊಟ್ಟರೆ ಬಾಡಿಗೆ ಬರುತ್ತದೆ, ಸರ್ಕಾರದ ದುಡ್ಡು ಬೇರೆಯವರಿಗೆ ಹೋಗುತ್ತದೆ. ಗುತ್ತಿಗೆ ಬಿಡಿಸಿಕೊಂಡು ನೆಲವನ್ನು ಸುಮ್ನೆ ಇಟ್ಟುಕೊಂಡರೆ ಎಕರೆಗೆ ಆ 100 ಡಾಲರ್ ಪೂರ್ತಿ ತಮಗೇ. ಮಳೆಯ ಚಿಂತೆ ಇಲ್ಲ, ನಾಲೆಯ ಚಿಂತೆ ಇಲ್ಲ. ಕಳೆ ತುಂಬಿ ಹಾಳಾಗದಂತೆ, ಮಣ್ಣು ಕೊಚ್ಚಿಹೋಗದಂತೆ ನೋಡಿಕೊಂಡರೆ ಸಾಕು. ಮೇಲೆ ದನ ಮೇಯಿಸುವವರಿಗೆ ಹುಲ್ಲು ಬಿಡಬಹುದು. ಚಳಿಗಾಲದಲ್ಲಿ ಹಕ್ಕಿ ಬೇಟೆಯವರಿಗೆ ಬಾಡಿಗೆಗೆ ಕೊಡಬಹುದು. ಟೆಕ್ಸಸ್‌ನಲ್ಲಿ ಅದೂ ಒಳ್ಳೆಯ ಆದಾಯವೇ.

ಮಾಲೀಕರು ದುಷ್ಟರಾಗಬೇಕಿರಲಿಲ್ಲ. ವಯಸ್ಸಾದ ವಿಧವೆ ಇರಬಹುದು, ಹ್ಯೂಸ್ಟನ್‌ನಲ್ಲಿ ಕೆಲಸ ಮಾಡುವ ಮಗ ಇರಬಹುದು. ಕೂಡಿ ಕಳೆದರೆ ಗುತ್ತಿಗೆಗಿಂತ ಇದೇ ವಾಸಿ ಅನ್ನಿಸಿತು. ಗುತ್ತಿಗೆದಾರನಿಗೆ ಮುಂದಿನ ವರ್ಷ ಬೇಡ ಎಂದರು. ಹೀಗೆ ನೆಲ ಕಳೆದುಕೊಂಡ ಭತ್ತದ ರೈತರು ಆ ಕೌಂಟಿಗಳಲ್ಲಿ ಇದ್ದರು. ಗುತ್ತಿಗೆ ಉಳಿದ ಕಡೆಯೂ ಬಾಡಿಗೆ ಮಾತಾಡುವಾಗ ಆ ದುಡ್ಡು ನಡುವೆ ಬಂದೇ ಬರುತ್ತಿತ್ತು. ಕಾನೂನು ಪಾವತಿಯನ್ನು ಬೇಸಾಯಗಾರನ ಹೆಸರಿಗೆ ಬರೆದರೂ, ಅದರಲ್ಲಿ ಒಂದು ಪಾಲು ಬಾಡಿಗೆಯ ರೂಪದಲ್ಲಿ ಮಾಲೀಕರ ಕಡೆಗೆ ಹರಿಯುತ್ತದೆ. ಬ್ಯಾರೆಟ್ ಕಿರ್ವಾನ್ ಎಂಬ ಅರ್ಥಶಾಸ್ತ್ರಜ್ಞ ಇಡೀ ದೇಶದ ಅಂಕಿ ಹಿಡಿದು ಲೆಕ್ಕ ಹಾಕಿ, ಅದು ಡಾಲರ್‌ಗೆ ಸುಮಾರು 25 ಸೆಂಟ್ ಎಂದು 2009ರಲ್ಲಿ ತೋರಿಸಿದರು.

ಒಬ್ಬ ಗುತ್ತಿಗೆದಾರ ಗದ್ದೆ ಬಿಟ್ಟರೆ ಅಲ್ಲಿಗೆ ಮುಗಿಯುವುದಿಲ್ಲ. ಭತ್ತಕ್ಕೆ ಒಣಗಿಸುವ ಘಟಕ ಬೇಕು, ಗಿರಣಿ ಬೇಕು, ನಾಲೆ ನೋಡಿಕೊಳ್ಳುವ ಜನ ಬೇಕು, ವಿಮಾನದಿಂದ ಗೊಬ್ಬರ ಎರಚುವವರು ಬೇಕು. ಎಕರೆ ಕಡಿಮೆಯಾದಂತೆ ಇವರಿಗೆಲ್ಲ ಕೆಲಸ ಕಡಿಮೆ. ಒಂದು ಘಟಕ ಮುಚ್ಚಿದರೆ ಉಳಿದ ರೈತ ಇನ್ನೂ ದೂರಕ್ಕೆ ಭತ್ತ ಸಾಗಿಸಬೇಕು. ನಮ್ಮಲ್ಲಿ ಊರಿನ ಒಂದೇ ಅಕ್ಕಿ ಗಿರಣಿ ಮುಚ್ಚಿದಾಗ ಏನಾಗುತ್ತದೆ ಎಂದು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ನೆಲದ ಮಾಲೀಕರಿಗೆ ಸರ್ಕಾರ ಕೊಟ್ಟ ದುಡ್ಡು ಕೌಂಟಿಗೆ ಬಂತು ನಿಜ. ಆದರೆ ಬೆಳೆ ತರುವ ದುಡ್ಡಿನ ಹಾಗೆ ಅದು ಹತ್ತು ಕೈ ದಾಟುವುದಿಲ್ಲ. ಮಾಲೀಕರು ಬೇರೆ ಊರಿನಲ್ಲಿದ್ದರೆ ಅಲ್ಲಿಗೇ ಹೋಗಿಬಿಡುತ್ತದೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಟೆಕ್ಸಸ್‌ನಲ್ಲಿ 1980ರ ದಶಕದ ಶುರುವಿನಲ್ಲಿ ಸುಮಾರು 6 ಲಕ್ಷ ಎಕರೆ ಭತ್ತ ಇತ್ತು. 2005ರ ಹೊತ್ತಿಗೆ ಅದು ಸುಮಾರು 2 ಲಕ್ಷಕ್ಕೆ ಇಳಿದಿತ್ತು. ಇದೆಲ್ಲವೂ ನೇರ ಪಾವತಿಯಿಂದಲೇ ಆಯಿತು ಎಂದು ಬರೆಯುವವರಿದ್ದಾರೆ. ಅದು ಸರಿಯಲ್ಲ. 1996ಕ್ಕೆ ಮೊದಲೇ ಎಕರೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ನೀರು ದುಬಾರಿಯಾಗಿತ್ತು, ಆರ್ಕನ್ಸಾ ರಾಜ್ಯದಲ್ಲಿ ಕಡಿಮೆ ಖರ್ಚಿಗೆ ಭತ್ತ ಬೆಳೆಯುತ್ತಿದ್ದರು, ಹ್ಯೂಸ್ಟನ್ ಹೊಲಗಳ ಮೇಲೆ ಹರಡುತ್ತಾ ಬರುತ್ತಿತ್ತು. ಮೊದಲೇ ಜಾರುತ್ತಿದ್ದ ಬೆಳೆಗೆ ಈ ಪಾವತಿ ಇನ್ನೊಂದು ನೂಕು ಕೊಟ್ಟಿತು. ಮರಳಿ ಬರಬಹುದಾಗಿದ್ದ ಗುತ್ತಿಗೆದಾರರಿಗೆ ಬಾಗಿಲು ಹಾಕಿತು. ನನ್ನ ದೂರು ಅಷ್ಟೇ, ಆದರೆ ಅದು ಸಣ್ಣ ದೂರಲ್ಲ.

ಮನೆ ನಿವೇಶನಗಳ ವಿಷಯ ಇದರ ಬಾಲ. ಹಳೆಯ ಗದ್ದೆಯನ್ನು ಹತ್ತಿಪ್ಪತ್ತು ಎಕರೆಯ ತುಂಡು ಮಾಡಿ ಮಾರಿದರು. ಬೇಸ್ ಎಕರೆ ನೆಲಕ್ಕೆ ಅಂಟಿಕೊಂಡದ್ದು. ನೆಲ ಮಾರಿದರೆ ಅದೂ ಜೊತೆಗೇ ಹೋಗುತ್ತದೆ. ಹಾಗೆ ಭತ್ತದ ದುಡ್ಡು ಮನೆಯ ಅಂಗಳಕ್ಕೆ ಬಂತು.

ತೇಪೆಗಳು

ಸುದ್ದಿ ಬಂದ ಮೇಲೆ ಸಂಸತ್ತು ಸುಮ್ಮನಿರಲಿಲ್ಲ. 2008ರ ಕಾಯ್ದೆಯಲ್ಲಿ, ಬೇಸ್ ಒಟ್ಟು 10 ಎಕರೆ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಪಾವತಿ ಇಲ್ಲ ಎಂದರು. ಮನೆಗಳಿಗಾಗಿ ತುಂಡು ಮಾಡಿದ ನೆಲದ ಬೇಸ್ ರದ್ದು ಎಂದರು. ಕಣ್ಣಿಗೆ ಕಾಣುತ್ತಿದ್ದ ತಪ್ಪು ಹೋಯಿತು. ಗುತ್ತಿಗೆ ಬಿಡಿಸಿ 500 ಎಕರೆ ಬೀಳು ಬಿಟ್ಟವರಿಗೆ ಏನೂ ಆಗಲಿಲ್ಲ.

ಅಷ್ಟರಲ್ಲಿ ಬರ ಬಂತು. 2011 ಟೆಕ್ಸಸ್ ಕಂಡ ಅತಿ ಕೆಟ್ಟ ಒಣ ವರ್ಷ. ವಾರ್ಟನ್‌ನ ನಾಲೆಗಳಿಗೆ ನೀರು ಬರುವುದು ಮೇಲೆ ಆಸ್ಟಿನ್ ನಗರದ ಹತ್ತಿರ ಇರುವ ಬುಕ್ಯಾನನ್ ಮತ್ತು ಟ್ರಾವಿಸ್ ಜಲಾಶಯಗಳಿಂದ. ಅದೇ ನೀರು ಆಸ್ಟಿನ್‌ಗೂ ಬೇಕು. ಬೆಂಗಳೂರಿಗೂ ಮಂಡ್ಯಕ್ಕೂ ಒಂದೇ ಕಾವೇರಿ ಇದ್ದ ಹಾಗೆ. 2012ರ ಮಾರ್ಚ್ 1ರಂದು ಎರಡೂ ಜಲಾಶಯ ಸೇರಿ 8,50,000 ಎಕರೆ-ಅಡಿ ನೀರು ಇದ್ದರೆ ಮಾತ್ರ ಭತ್ತಕ್ಕೆ ಬಿಡುತ್ತೇವೆ ಎಂದು ನದಿ ಪ್ರಾಧಿಕಾರ ಗೆರೆ ಎಳೆದಿತ್ತು. ಒಂದು ಎಕರೆಯಲ್ಲಿ ಒಂದು ಅಡಿ ನಿಲ್ಲುವಷ್ಟು ನೀರು ಒಂದು ಎಕರೆ-ಅಡಿ. ಅವತ್ತು ನೀರು ಆ ಗೆರೆಗಿಂತ ಸ್ವಲ್ಪವೇ ಕೆಳಗಿತ್ತು. ಪ್ರಾಧಿಕಾರದ ಇತಿಹಾಸದಲ್ಲೇ ಮೊದಲ ಸಲ ಕೆಳಭಾಗದ ಹೆಚ್ಚಿನ ರೈತರಿಗೆ ನೀರು ನಿಂತಿತು. 2015ರವರೆಗೆ ಹೀಗೇ ನಡೆಯಿತು. ಹಳೆಯ ಹಕ್ಕು ಇದ್ದ ಗಾರ್ವುಡ್ ಭಾಗಕ್ಕೆ ಮಾತ್ರ ಸಿಗುತ್ತಿತ್ತು.

ಈ ನಾಲ್ಕು ವರ್ಷದ ಬಗ್ಗೆ ಯೋಚಿಸಿದಾಗ ನನ್ನ ಅಭಿಪ್ರಾಯ ಸ್ವಲ್ಪ ಅಲುಗಾಡಿತು. ಬೆಳೆಯಲು ಆಗದ ವರ್ಷದಲ್ಲಿ ಬೆಳೆಗೆ ಕಟ್ಟದ ದುಡ್ಡೇ ಆಸರೆ ತಾನೇ? ಬೆಳೆದರೆ ಮಾತ್ರ ಕೊಡುತ್ತೇವೆ ಎಂದಿದ್ದರೆ ನೀರಿಲ್ಲದ ರೈತನಿಗೆ ಬರಿಗೈ. ಹೌದು, ಆ ಮಾತಿನಲ್ಲಿ ಸತ್ಯ ಇದೆ. ಸ್ವಂತ ನೆಲದಲ್ಲಿ ಬೇಸಾಯ ಮಾಡುವವರಿಗೆ ಆ ದುಡ್ಡು ನಿಜಕ್ಕೂ ಆಸರೆಯಾಯಿತು. ಆದರೆ ಗುತ್ತಿಗೆದಾರನಿಗೆ? ನೀರಿಲ್ಲದ ವರ್ಷ ಅವನು ಗುತ್ತಿಗೆ ಹಿಡಿಯುವುದಿಲ್ಲ. ಗುತ್ತಿಗೆ ಇಲ್ಲದಿದ್ದರೆ ಪಾವತಿಯೂ ಇಲ್ಲ. ಬರ ಬಿದ್ದಾಗ ಮೊದಲು ಬೀಳುವವನಿಗೇ ಕೈ ಸಿಗಲಿಲ್ಲ.

2014ರ ಫೆಬ್ರವರಿಯಲ್ಲಿ ಅಧ್ಯಕ್ಷ ಒಬಾಮ ಸಹಿ ಹಾಕಿದ ಕಾಯ್ದೆ ನೇರ ಪಾವತಿಯನ್ನು ಕೊನೆಗೊಳಿಸಿತು. ಅದರ ಜಾಗದಲ್ಲಿ ದರ ಬಿದ್ದಾಗ ಮಾತ್ರ ಕೊಡುವ ಯೋಜನೆ ಬಂತು. ಭತ್ತಕ್ಕೆ ಹಂಡ್ರೆಡ್‌ವೆಯ್ಟ್‌ಗೆ 14 ಡಾಲರ್ ಎಂದು ಗೆರೆ ಹಾಕಿದರು. ಮಾರುಕಟ್ಟೆ ದರ ಅದಕ್ಕಿಂತ ಕೆಳಗಿಳಿದರೆ ವ್ಯತ್ಯಾಸ ಸರ್ಕಾರದ್ದು. ಮುಂದಿನ ಕೆಲವು ವರ್ಷ ಉದ್ದಕಾಳಿನ ಭತ್ತದ ದರ 14ಕ್ಕಿಂತ ಕೆಳಗೇ ಇತ್ತು. ಹಳೆಯ 2.35 ಡಾಲರ್‌ಗಿಂತ ಜಾಸ್ತಿ ಸಿಕ್ಕ ವರ್ಷಗಳೂ ಇದ್ದವು. ಈ ದುಡ್ಡು ಯಾವ ಎಕರೆಗೆ ಅಂತ ಕೇಳಿದರೆ, ಮತ್ತೆ ಅದೇ ಬೇಸ್ ಎಕರೆ, ಅದೇ ಶೇ 85. ಈಗ ಅಲ್ಲಿ ಭತ್ತ ಇರಬೇಕೆಂದೇನೂ ಇಲ್ಲ. ಟೆಕ್ಸಸ್‌ನಲ್ಲಿ ಕಾಗದದ ಮೇಲಿನ ಭತ್ತದ ಎಕರೆ ನೆಲದ ಮೇಲಿನ ಭತ್ತಕ್ಕಿಂತ ಎಷ್ಟೋ ಜಾಸ್ತಿ.

2018ರ ಕಾಯ್ದೆಯಲ್ಲಿ ಇನ್ನೊಂದು ತೇಪೆ. 2009ರಿಂದ 2017ರವರೆಗೆ ಇಡೀ ಜಮೀನು ಬರೀ ಹುಲ್ಲಾಗಿದ್ದರೆ ಅದಕ್ಕೆ ಈ ಪಾವತಿ ಇಲ್ಲ ಎಂದರು. ಬದಲಿಗೆ ಹುಲ್ಲುಗಾವಲು ಕಾಪಾಡಲು ಎಕರೆಗೆ ವರ್ಷಕ್ಕೆ 18 ಡಾಲರ್ ತೆಗೆದುಕೊಳ್ಳಬಹುದು. ನನ್ನ ಪ್ರಕಾರ ಇಷ್ಟು ವರ್ಷದಲ್ಲಿ ಮೂಲಕ್ಕೆ ತಾಗಿದ ನಿಯಮ ಇದೊಂದೇ. 'ಈ ನೆಲದಲ್ಲಿ ಈಗ ಏನಿದೆ' ಎಂದು ಸರ್ಕಾರ ಎರಡು ದಶಕದ ನಂತರ ಮೊದಲ ಸಲ ಕೇಳಿತು. 2025ರ ಜುಲೈನಲ್ಲಿ ಬಂದ ಕಾಯ್ದೆ ಭತ್ತದ ಗೆರೆಯನ್ನು 16.90 ಡಾಲರ್‌ಗೆ ಏರಿಸಿತು. ದೇಶದಲ್ಲಿ 3 ಕೋಟಿ ಎಕರೆಯವರೆಗೆ ಹೊಸ ಬೇಸ್ ಸೇರಿಸಲೂ ಅವಕಾಶ ಕೊಟ್ಟಿತು.

ನಮ್ಮ ಕಡೆಗೆ ತಿರುಗಿದರೆ

ತೆಲಂಗಾಣದಲ್ಲಿ 2018ರಲ್ಲಿ ರೈತು ಬಂಧು ಎಂಬ ನೆರವಿನ ಯೋಜನೆ ಶುರುವಾದಾಗ ಎಕರೆಗೆ ಪ್ರತಿ ಹಂಗಾಮಿಗೆ 4,000 ರೂಪಾಯಿ, ಆಮೇಲೆ 5,000. ಪಟ್ಟಾ ಯಾರ ಹೆಸರಲ್ಲಿದೆಯೋ ಅವರಿಗೆ. ಗುತ್ತಿಗೆ ರೈತರಿಗೆ ಇಲ್ಲ. ಬೆಳೆ ಇಲ್ಲದ ನೆಲಕ್ಕೂ, ನಿವೇಶನವಾದ ನೆಲಕ್ಕೂ ದುಡ್ಡು ಹೋಗುತ್ತಿದೆ ಎಂಬ ಮಾತು ಅಲ್ಲೂ ಎದ್ದಿತು. ಎಲ್ ಕ್ಯಾಂಪೊದ ಸುದ್ದಿಯೇ ಬೇರೆ ಊರಿನಲ್ಲಿ. 2025ರ ಜನವರಿಯಿಂದ ಅದು ರೈತು ಭರೋಸಾ ಆಗಿ, ಬೇಸಾಯಕ್ಕೆ ಯೋಗ್ಯವಾದ ನೆಲಕ್ಕೆ ಮಾತ್ರ ಎಂದಾಯಿತು.

ಪಿಎಂ ಕಿಸಾನ್ ಮೊತ್ತ ಸಣ್ಣದು. ವರ್ಷಕ್ಕೆ 6,000 ರೂಪಾಯಿ, ಎಕರೆ ಎಷ್ಟೇ ಇರಲಿ. ಆದ್ದರಿಂದ ಗುತ್ತಿಗೆ ಬಿಡಿಸುವಷ್ಟು ಆಸೆ ಅದರಲ್ಲಿಲ್ಲ. ಆದರೆ ಅದೂ ಜಮೀನು ಹೆಸರಿನಲ್ಲಿ ಇರುವವರಿಗೇ. ಕರ್ನಾಟಕದ ಕಷ್ಟ ಇನ್ನೂ ಒಂದು ಹೆಜ್ಜೆ ಮುಂದಿದೆ. 1974ರ ಭೂ ಸುಧಾರಣೆಯಲ್ಲಿ ಗೇಣಿ ಪದ್ಧತಿಯನ್ನೇ ರದ್ದು ಮಾಡಿದೆವು. ಉಳುವವನಿಗೆ ನೆಲ ಸಿಕ್ಕ ದೊಡ್ಡ ಕಾನೂನು ಅದು. ನಮ್ಮ ಎಷ್ಟೋ ಮನೆಗಳಲ್ಲಿ ಇವತ್ತು ಅನ್ನ ಇರುವುದು ಅದರಿಂದ. ಆದರೆ ಲಾವಣಿ, ವಾರ, ಕೋರು, ಲೀಜ್ ಎಂದು ಬೇರೆ ಬೇರೆ ಹೆಸರಿನಲ್ಲಿ ಗುತ್ತಿಗೆ ಉಳಿದುಕೊಂಡಿತು, ಬಾಯಿಮಾತಿನಲ್ಲಿ. ವಾರ್ಟನ್‌ನ ಗುತ್ತಿಗೆದಾರ ಕೌಂಟಿ ಕಚೇರಿಗೆ ಹೋಗಿ 'ಈ ನೆಲ ನಾನು ಮಾಡುತ್ತಿದ್ದೇನೆ' ಎಂದು ಬರೆಸಬಹುದಿತ್ತು. ನಮ್ಮ ಕಾಕಾನಿಗೆ ಅಂಥ ಕಾಗದವೇ ಇರಲಿಲ್ಲ. ಬೆಳೆ ಪರಿಹಾರ ಬಂದರೂ ಮಾಲೀಕರ ಖಾತೆಗೆ. ಮಾಲೀಕರು ಒಳ್ಳೆಯವರಾದರೆ ಅರ್ಧ ಕೊಡುತ್ತಿದ್ದರು. ಒಂದು ವರ್ಷ ಪೂರ್ತಿ ಕೊಟ್ಟರು. ಇನ್ನೊಂದು ವರ್ಷ ಫೋನ್ ಎತ್ತಲಿಲ್ಲ.

ನಮ್ಮ ಪಹಣಿಯ 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು ಇರುತ್ತದೆ. 12ನೇ ಕಾಲಂ ಇರುವುದು ಸಾಗುವಳಿದಾರರಿಗೆ ಮತ್ತು ಬೆಳೆಗೆ. ಎರಡು ಕಾಲಂ ಬೇರೆ ಬೇರೆ ಇಟ್ಟವರಿಗೆ, ಮಾಲೀಕ ಒಬ್ಬ, ಬೆಳೆಯುವವನು ಇನ್ನೊಬ್ಬ ಇರಬಹುದು ಎಂದು ಗೊತ್ತಿತ್ತು.

ಹೋದ ಮುಂಗಾರಿನಲ್ಲಿ ಊರಿಗೆ ಹೋದಾಗ ಬೆಳೆ ಸಮೀಕ್ಷೆ ನಡೆಯುತ್ತಿತ್ತು. ನಮ್ಮೂರ ಹುಡುಗನೊಬ್ಬ ಮೊಬೈಲ್ ಹಿಡಿದು ಬದುವಿನ ಮೇಲೆ ನಿಂತಿದ್ದ. ಕಾಕಾ ಗದ್ದೆಯೊಳಗೆ ಮೊಣಕಾಲುದ್ದ ನೀರಿನಲ್ಲಿ ಕಳೆ ಕೀಳುತ್ತಿದ್ದರು. 'ಕಾಕಾ, ಸ್ವಲ್ಪ ಸರಿರಿ, ಬೆಳಿ ಕಾಣವಲ್ದು' ಎಂದ ಹುಡುಗ. ಕಾಕಾ ಪಕ್ಕಕ್ಕೆ ಸರಿದರು. ಅವನು ಭತ್ತದ ಫೋಟೊ ತೆಗೆದ. ಪರದೆಯ ಮೇಲೆ ಸರ್ವೆ ನಂಬರ್ ಬಂತು, ಅದರ ಕೆಳಗೆ ಬೆಂಗಳೂರಿನಲ್ಲಿರುವ ಮಾಲೀಕರ ಹೆಸರು ಬಂತು.